ಒಂದು ಬದಿ ದಪ್ಪಗಿದ್ದ ರೊಟ್ಟಿ

ಪವಾಯಿ
೧೦ ನವೆಂಬರ್ ೨೦೨೫

ಅವ್ವಾ,

ಇವತ್ತು ಮುಂಜಾನೆ ಹಣಮಂತ ಕಾಕಾ ಕಟ್ಟಡದ ಕೆಲಸದವರಿಗೆ ನಿನ್ನ ರೊಟ್ಟಿ ಒಯ್ಯುವಾಗ ನನ್ನ ಶಾಲೆಯ ಗೇಟಿನಲ್ಲಿ ಕೊಟ್ಟುಹೋದ ಬುತ್ತಿ ಬಿಚ್ಚಿದೆ. ಎಲ್ಲ ರೊಟ್ಟಿಗಳೂ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು. ದಪ್ಪಗಿದ್ದ ಅಂಚು ಸರಿಯಾಗಿ ಬೆಂದಿರಲಿಲ್ಲ. ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಕೋಣೆಯ ಗೆಳತಿ ನಕ್ಕಳು: "ರೋಟಿ ಹೈ ಯಾ ಎಕ್ಸ್‌ರೇ?"

ನಿನ್ನ ರೊಟ್ಟಿಯನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ನಿನ್ನ ಬಲಗೈ ಬಡಿಯುತ್ತದೆ, ಎಡಗೈ ತಿರುಗಿಸುತ್ತದೆ. ಎಡಗೈ ಸೋತರೆ ಮಾತ್ರ ರೊಟ್ಟಿ ಹೀಗಾಗುತ್ತದೆ. ನಿನ್ನ ಎಡಗೈಗೆ ಏನಾಗಿದೆ?

ಫೋನಿನಲ್ಲಿ ಕೇಳಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಫೋನ್ ಬಂದರೆ ಅಪ್ಪ ಕೇಳುತ್ತಾರೆ, ಅಣ್ಣ ಕೇಳುತ್ತಾನೆ, ಮಹಾದೇವಿ ವೈನಿ ಕೇಳುತ್ತಾರೆ, ಗೋಡೆಯಾಚೆಯ ಅಕ್ಬರಬಿ ಆಪಾ ಕೇಳಿ ಅಲ್ಲಿಂದಲೇ ಉತ್ತರ ಕೊಡುತ್ತಾರೆ. ಅದಕ್ಕೇ ಈ ಕಾಗದವನ್ನು ಬುತ್ತಿಯ ಬಟ್ಟೆಯ ಮಡಿಕೆಯಲ್ಲಿಟ್ಟು ಕಾಕಾನ ಕೈಯಲ್ಲಿ ವಾಪಸ್ ಕಳಿಸುತ್ತಿದ್ದೇನೆ. ಆ ಬಟ್ಟೆ ಒಗೆಯುವವಳು ನೀನೊಬ್ಬಳೇ.

ನಾನು ಚೆನ್ನಾಗಿದ್ದೇನೆ. ಲೈಬ್ರರಿಯ ಕೆಲಸ ನನಗೆ ಹೊಂದುತ್ತದೆ, ಅಲ್ಲಿ ಮಾತು ಕಡಿಮೆ. ಅಣ್ಣನ ಮದುವೆಯಾಗಿ ಆರು ತಿಂಗಳಾಯಿತು, ನಾನು ಇಲ್ಲಿಗೆ ಬಂದೂ ಅಷ್ಟೇ ಆಯಿತು. ಒಂದೇ ಕೋಣೆಯ ಮನೆಯಲ್ಲಿ ಹೊಸ ಜೋಡಿಗೆ ಜಾಗ ಆಗಬೇಕಿತ್ತು. ಅದು ನನಗೆ ಗೊತ್ತಿದೆ. ಮತ್ತೆ ಅದನ್ನು ಬರೆಯುವುದಿಲ್ಲ.

ಕೈಯ ವಿಷಯ ಬರೆ.

ನಿನ್ನ,
ಕುಮಾರಿ

*

ಧಾರಾವಿ
೧೩ ನವೆಂಬರ್

ಮಗಳು ಕುಮಾರಿಗೆ ಅವ್ವನ ಆಶೀರ್ವಾದ.

ಕೈಗೆ ಏನೂ ಆಗಿಲ್ಲ. ಈ ಸಲದ ಹಿಟ್ಟಿಗೆ ಜಿಗಿ ಇಲ್ಲ. ಗಿರಣಿಯಂವ ಹಳೇ ಜೋಳ ಬೀಸ್ಯಾನ. ಪವಾಯಿಯಾಗ ಕಟ್ಟಡದ ಕೆಲಸಾ ಮಾಡೂ ಅಷ್ಟ ಮಂದಿ ಇದೇ ರೊಟ್ಟಿ ತಿಂತಾರ, ಒಬ್ಬರೂ ದಪ್ಪ ತೆಳು ಅಂದಿಲ್ಲ ಅಂತ ಹಣಮಂತ ಹೇಳಿದ. ನೀ ಒಬ್ಬಾಕಿ ಎಂ.ಎ. ಮಾಡಿದಾಕಿ ಅದೀ ನೋಡು, ರೊಟ್ಟಿನೂ ಪರೀಕ್ಷಾ ಪೇಪರ್ ಹಂಗ ತಿದ್ದತಿ. ಸುಮ್ಮನ ತಿನ್ನು.

ಬಟ್ಟಿ ಮಡಿಕಿ ಛಲೋ ಜಾಗಾ ಐತಿ. ಅದರಾಗ ಬರಕೋತ ಇರು.

ನಿಮ್ಮವ್ವ
ಚಂದ್ರವ್ವ

*

ಧಾರಾವಿ
೨೭ ನವೆಂಬರ್

ಮಗಳ,

ನೀ ಮತ್ತ ಮತ್ತ ಅದನ್ನ ಕೇಳತಿ. ನಿನ್ನ ಚೀಟಿ ಎಲ್ಲಾ ಓದೀನಿ. ಉತ್ತರ ಬರ್ಯಾಕ ಕುಂತ್ರ ಮನ್ಯಾಗ ಯಾರರ ಬರತಾರ. ಇವತ್ತ ಎಲ್ಲಾರೂ ಲಗ್ನಕ್ಕ ಹೋಗ್ಯಾರ, ತಲಿನೋವು ಅಂತ ಹೇಳಿ ಉಳಕೊಂಡೀನಿ.

ದಸರಾ ಮುಂದ ನಮ್ಮ ಗಲ್ಲಿಗೆ ಆಸ್ಪತ್ರಿ ಗಾಡಿ ಬಂದಿತ್ತು. ನಲವತ್ತ ದಾಟಿದ ಹೆಂಗಸರು ಎದಿ ಫೋಟೋ ತಗಸಕೋರಿ ಅಂದ್ರು. ನಾ ಒಲ್ಲೆ ಅಂದ್ರ ಅಕ್ಬರಬಿ ಬಿಡಲಿಲ್ಲ. "ಚಲ್ ಗೇ ಚಂದ್ರವ್ವಾ, ಫೋಕಟ್ ಮೇ ಫೋಟೋ ನಿಕಾಲ್ತೈ ಕತೆ" ಅಂತ, ಪುಕ್ಕಟ ತಗೀತಾರಂತ, ಕೈ ಹಿಡದ ಎಳಕೊಂಡ ಹೋದ್ಲು.

ಗಾಡಿ ಒಳಗ ಇದ್ದ ಹುಡುಗಿ ಕೊರಳಾಗಿಂದ ಎಲ್ಲಾ ತಗೀರಿ ಅಂದ್ಲು. ತಾಳಿ ತಗದೆ. "ವೋ ಭೀ" ಅಂತ ಲಿಂಗದ ಕರಡಿಗಿ ತೋರಿಸಿದ್ಲು. ಸಣ್ಣಾಕಿ ಇದ್ದಾಗ ಸ್ವಾಮಿಗೋಳು ಕಟ್ಟಿದ ಲಿಂಗ. ನಿಮ್ಮಿಬ್ಬರನ್ನ ಹಡಿಯೂ ಮುಂದ ಸುದ್ದಾ ಮೈ ಬಿಟ್ಟಿಲ್ಲ. ಹಿಂದ ಅಷ್ಟುದ್ದ ಲೈನ್. ಎಲ್ಲಾರೂ ನೋಡಾಕತ್ತಿದ್ರು. ನಾಚಿಕಿಗೆ ತಗದ ಪ್ಲಾಸ್ಟಿಕ್ ಬುಟ್ಟಿಯಾಗ ಇಟ್ಟೆ. ಚಪ್ಪಲಿ ಬುಟ್ಟಿ ಬಾಜೂಕ.

ಫೋಟೋದಾಗ ಎಡಕ್ಕ ಬಿಳೇ ಚುಕ್ಕಿ ಬಂದಾವು. ಮೈಮ್ಯಾಲ ಲಿಂಗ ಇಲ್ಲದ ಆ ಹೊತ್ತಿನಾಗ ಬಂದಾವು ಅಂತ ನನ್ನ ಮನಸ್ಸು ಹೇಳತೈತಿ. ನಗಬ್ಯಾಡ.

ಆಮ್ಯಾಲ ದೊಡ್ಡ ಆಸ್ಪತ್ರ್ಯಾಗ ಸೂಜಿ ಹಾಕಿ ತುಣಕ ತಗದ್ರು. ಕೈ ಆಡಸಾಕ ಬರಲಿಲ್ಲ, ರೊಟ್ಟಿ ಹಂಗಾದ್ವು. ನಿನ್ನ ಕಣ್ಣ ಖರೇ ಐತಿ. ರಿಪೋರ್ಟ್ ಬಂದ ದಿನಾ ಡಾಕ್ಟರಬಾಯಿ ಮರಾಠ್ಯಾಗ "ಕ್ಯಾನ್ಸರ್ ನಾಹೀ" ಅಂದ್ಲು. ನಾ ಎದ್ದ ನಿಂತೆ, ಚಪ್ಪಲಿ ಹಾಕ್ಕೊಂಡೆ. "ಪಣ" ಅಂದ್ಲು, ನಾವು ಆದ್ರ ಅಂದಂಗ. ಆ ಪಣ ಆದ ಮ್ಯಾಲ ಹೇಳಿದ್ದು ನನಗ ಒಂದೂ ತಿಳೀಲಿಲ್ಲ. ಆಪರೇಶನ್ ಮಾಡಿ ಆ ಜಾಗಾ ತಗದ ನೋಡಬೇಕಂತ. ಮೈಮ್ಯಾಲ ಏನೂ ಇರಬಾರದಂತ.

ನಾ ಒಲ್ಲೆ. ಒಮ್ಮೆ ತಗದಿದ್ದಕ್ಕ ಇಷ್ಟಾತು.

ಯಾರಿಗೂ ಹೇಳಬ್ಯಾಡ. ರಿಪೋರ್ಟಿನ ಝೆರಾಕ್ಸ್ ರೊಟ್ಟಿ ಕೆಳಗ ಇಟ್ಟೀನಿ. ಪಣ ಆದ ಮ್ಯಾಲ ಏನ ಐತಿ, ಅಷ್ಟ ಓದಿ ಹೇಳು.

ನಿಮ್ಮವ್ವ

*

ಪವಾಯಿ
೮ ಡಿಸೆಂಬರ್

ಅವ್ವಾ,

ನಾನು ನಗಲಿಲ್ಲ.

ರಿಪೋರ್ಟಿನ ಇಂಗ್ಲಿಷನ್ನು ಓದಿದೆ, ಅರ್ಥವಾಗಲಿಲ್ಲ. ಅದಕ್ಕೆ ರಜೆ ಹಾಕಿ ನಿನ್ನ ಆಸ್ಪತ್ರೆಗೇ ಹೋದೆ. ಮೊದಲೇ ಹೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ನನ್ನ ಸ್ವಭಾವ ನಿನಗೆ ಗೊತ್ತು. ಡಾಕ್ಟರ ಬಾಗಿಲ ತನಕ ಹೋಗಿ, ಹಿಂದೆ ಸರಿದು, ಬೇರೆಯವರಿಗೆ ದಾರಿ ಬಿಡುತ್ತ ನಿಂತುಬಿಟ್ಟೆ. ಕೊನೆಗೆ ಅಲ್ಲಿನ ಸಿಸ್ಟರ್, "ಅಗಂ, ತೂ ಪೇಶಂಟ್ ಆಹೇಸ್ ಕೀ ದರ್ವಾಜಾ?" ಎಂದರು. ನೀನು ಪೇಶಂಟೋ ಬಾಗಿಲೋ ಎಂದು! ಕೂತವರೆಲ್ಲ ನಕ್ಕರು. ನನಗೂ ನಗು ಬಂತು. ಆ ನಗುವಿನಲ್ಲೇ ಒಳಗೆ ಹೋಗಿಬಿಟ್ಟೆ.

ಕೇಳಬೇಕಾದದ್ದನ್ನೆಲ್ಲ ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ. ಓದಿ ಕೇಳುವ ಬದಲು ಕಾಗದವನ್ನೇ ಡಾಕ್ಟರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಪ್ರಶ್ನೆಗೆ ಉತ್ತರ ಹೇಳಿದರು. ಪಣ ಆದ ಮೇಲೆ ಇರುವುದು ಇದು.

ಎದೆಯೊಳಗೆ ಹಾಲು ಹರಿಯುವ ಸಣ್ಣ ನಾಳಗಳಿವೆ. ಅವುಗಳ ಒಳಮೈಗೆ ಜೀವಕೋಶಗಳು ಸಾಲಾಗಿ ಕೂತಿರುತ್ತವೆ. ನಮ್ಮ ಗಲ್ಲಿಯ ನಳದ ಮುಂದೆ ಕೊಡ ಹಿಡಿದು ನಿಂತ ಹೆಂಗಸರ ಹಾಗೆ ಎಂದುಕೋ. ನಿನ್ನ ಎಡಗಡೆ ಒಂದು ಸಣ್ಣ ಜಾಗದಲ್ಲಿ ಆ ಸಾಲು ಕೆಟ್ಟಿದೆ. ಕೋಶಗಳು ಬೇಕಾದ್ದಕ್ಕಿಂತ ಹೆಚ್ಚಾಗಿ ಒಂದರ ಮೇಲೊಂದು ನೂಕಾಡುತ್ತಿವೆ. ಕೆಲವು ನೋಡುವುದಕ್ಕೂ ಬೇರೆ ಥರ ಆಗಿವೆ. ಆದರೆ ಗದ್ದಲವೆಲ್ಲ ನಳದ ಹತ್ತಿರವೇ ಇದೆ. ಯಾರೂ ಗಲ್ಲಿ ದಾಟಿಲ್ಲ. ಇದು ಕ್ಯಾನ್ಸರ್ ಅಲ್ಲ. ಮುಂದೆ ಕ್ಯಾನ್ಸರ್ ಆಗಲೇಬೇಕೆಂದೂ ಇಲ್ಲ. ಹೀಗಿರುವವರಿಗೆ ಅದು ಬರುವ ಸಂಭವ ಬೇರೆಯವರಿಗಿಂತ ಹೆಚ್ಚು, ಸುಮಾರು ನಾಲ್ಕು ಪಟ್ಟು.

ನಾಲ್ಕು ಪಟ್ಟು ಎಂದು ಕೇಳಿ ನನ್ನ ಮುಖ ಹೇಗಾಯಿತೋ, ಡಾಕ್ಟರು ಪೆನ್ನು ಕೆಳಗಿಟ್ಟರು. "ಇಂಥ ನೂರು ಹೆಂಗಸರನ್ನು ಇಪ್ಪತ್ತೈದು ವರ್ಷ ನೋಡುತ್ತ ಹೋದರೆ ಸುಮಾರು ಮೂವತ್ತು ಜನರಿಗೆ ಬರುತ್ತದೆ. ಉಳಿದವರಿಗೆ ಬರುವುದಿಲ್ಲ, ಬೇಟಾ. ಬಂದರೂ, ಕಣ್ಣಿಟ್ಟು ಕೂತಿದ್ದರೆ ಸಣ್ಣದಿದ್ದಾಗಲೇ ಸಿಗುತ್ತದೆ" ಎಂದರು.

ಕ್ಯಾನ್ಸರ್ ಅಲ್ಲದಿದ್ದರೆ ಆಪರೇಶನ್ ಯಾಕೆ? ಅದನ್ನೂ ಕೇಳಿದೆ. ಸೂಜಿಯಲ್ಲಿ ಬಂದದ್ದು ಕಾಳಿನಷ್ಟು ತುಣುಕು. ನೀನು ಜೋಳದ ಚೀಲ ಕೊಳ್ಳುವಾಗ ಮೇಲಿನ ಒಂದು ಹಿಡಿ ನೋಡಿ ಯಾವತ್ತಾದರೂ ಹೂಂ ಅಂದಿದ್ದೀಯಾ? ಮೊಣಕೈ ತನಕ ಕೈ ಹಾಕಿ ನಡುವಿನ ಕಾಳು ತೆಗೆಯುತ್ತೀ, ಒಳಗೆ ಹುಳ ಹಿಡಿದಿರಬಹುದೆಂದು. ಇವರೂ ಅದನ್ನೇ ಮಾಡುತ್ತಾರೆ. ಪಕ್ಕದಲ್ಲಿ ಕ್ಯಾನ್ಸರ್ ಏನಾದರೂ ಅಡಗಿದೆಯೇ ಎಂದು ಆ ಸಣ್ಣ ಜಾಗವನ್ನು ತೆಗೆದು ಪೂರ್ತಿ ನೋಡುತ್ತಾರೆ. ಹೆಚ್ಚಿನವರಲ್ಲಿ ಏನೂ ಇರುವುದಿಲ್ಲವಂತೆ. ಕೆಲವರಲ್ಲಿ ಇರುತ್ತದಂತೆ. ನೋಡದೆ ಹೇಳಲಾಗದು ಎಂದರು. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ಇನ್ನು ಆ ಬಿಳಿ ಚುಕ್ಕೆ. ಅದು ಸುಣ್ಣದ ಅಂಶ. ಕೂಡಿಕೊಳ್ಳಲು ಎಷ್ಟೋ ತಿಂಗಳು, ವರ್ಷ ಹಿಡಿಯುತ್ತದಂತೆ. ನೀನು ಲಿಂಗವನ್ನು ಬುಟ್ಟಿಯಲ್ಲಿಟ್ಟ ಹೊತ್ತಿನಲ್ಲಿ ಅವು ಬರಲಿಲ್ಲ, ಅವ್ವಾ. ಅವು ಮೊದಲೇ ಇದ್ದವು. ಆ ಹೊತ್ತಿನಲ್ಲಿ ಕಂಡವು, ಅಷ್ಟೆ.

ಕೊನೆಯ ಪ್ರಶ್ನೆ ಲಿಂಗದ್ದು. ಡಾಕ್ಟರಿಗೆ ಅದು ಏನೆಂದು ತಿಳಿಯಲಿಲ್ಲ. ನಾನು ಕೊರಳಿನಿಂದ ನನ್ನದನ್ನು ಹೊರತೆಗೆದು ತೋರಿಸಿದೆ. ಅವರು ಮುಟ್ಟಲಿಲ್ಲ, ಬಗ್ಗಿ ನೋಡಿದರು. "ಚಾಂದಿ ನಹೀ ಚಲೇಗೀ. ಕಪಡಾ ಚಲೇಗಾ" ಎಂದರು. ಆಪರೇಶನ್ನಿನಲ್ಲಿ ಕರೆಂಟಿನ ಉಪಕರಣ ಬಳಸುತ್ತಾರೆ, ಮೈಮೇಲೆ ಲೋಹ ಇರಬಾರದು. ಬೆಳ್ಳಿಯ ಕರಡಿಗೆ ಬಿಟ್ಟು, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಬಲತೋಳಿಗೆ ಕಟ್ಟಿಕೊಂಡು ಬಾ, ಮೇಲೆ ನಾವೇ ಬ್ಯಾಂಡೇಜ್ ಸುತ್ತುತ್ತೇವೆ ಎಂದು ನಿನ್ನ ಕೇಸ್ ಪೇಪರಿನಲ್ಲಿ ಬರೆದೂ ಬಿಟ್ಟರು. ಮುಂದೆ ಫೋಟೋ ತೆಗೆಯುವಾಗ ಅಂಗೈಯಲ್ಲಿ ಹಿಡಿದುಕೊಂಡರೆ ಅಡ್ಡಿಯಿಲ್ಲವಂತೆ. ಪೂಜೆಯಲ್ಲಿ ಅದು ಇರುವುದೇ ಅಂಗೈಯಲ್ಲಿ, ಅಲ್ಲವೇ?

ಯೋಚನೆ ಮಾಡು. ಬೇಗ ಮಾಡು.

ನಿನ್ನ,
ಕುಮಾರಿ

*

ಧಾರಾವಿ
೧೬ ಡಿಸೆಂಬರ್

ಮಗಳ,

ಪುಸ್ತಕದ ಹಂಗ ಬರೀತಿ, ಆದ್ರೂ ತಿಳೀತು. ನಳದ ಮುಂದಿನ ಗದ್ದಲಾ ನನಗ ಹೇಳಿಕೊಡತಿ? ಲಗ್ನಾಗಿ ಬಂದಾಗಿಂದ ಆ ಲೈನಿನಾಗ ನಿಂತೀನಿ. ದಿನಾ ಗದ್ದಲಾ ಆಗತೈತಿ, ದಿನಾ ಪೊಲೀಸರು ಬರೂದಿಲ್ಲ. ಒಮ್ಮೊಮ್ಮೆ ಬರತಾರ. ಅದಕ್ಕ ನೋಡಕೋತ ಇರಬೇಕು. ಇಷ್ಟ ಹೌದಲ್ಲೋ? ಇದನ್ನ ಹೇಳಾಕ ಡಾಕ್ಟರಬಾಯಿಗೆ ಅಷ್ಟ ಇಂಗ್ಲಿಷ್ ಯಾಕ ಬೇಕಾತು?

ನೀ ಆಕಿ ಮುಂದ ಕೊರಳಾಗಿನ ಲಿಂಗ ತಗದ ತೋರಿಸಿದಿ ಅನ್ನೂದನ್ನ ಎರಡ ಸಲ ಓದಿದೆ. ಕಿರಾಣಿ ಅಂಗಡ್ಯಾಗ ಸಕ್ಕರಿ ಕೇಳಾಕ ನಾಚಿ ಹೊಳ್ಳಿ ಬರತಿದ್ದ ಹುಡುಗಿ.

ಮಾಡಸಕೋತೀನಿ. ಜನವರಿಯಾಗ ತಾರೀಖ ಕೊಟ್ಟಾರ.

ನಿಮ್ಮಪ್ಪಗ ಹೇಳೀನಿ. ಎದಿ ಅಂತ ಬಾಯಿ ಬರಲಿಲ್ಲ. ಮೈಯಾಗ ಒಂದ ಸಣ್ಣ ಜಾಗಾ ತಗೀತಾರ ಅಂದೆ. ಯಾವ ಜಾಗಾ ಅಂತ ಅವರು ಕೇಳಲಿಲ್ಲ. ಎದ್ದ ಹೋಗಿ ನೀರ ತಂದ ಕೊಟ್ರು. ನಾ ನೀರ ಕೇಳಿದ್ದಿಲ್ಲ.

ಮಹಾದೇವಿಗೆ ಮಾತ್ರ ಗೊತ್ತಾಗಬಾರದು. ಹೊಸಾ ಸೊಸಿ. ತವರಿನಾಗ ಒಂದ ಮಾತ ಆಡಿದ್ರ ಊರಿಗೆಲ್ಲಾ ಆಗತೈತಿ. ತಾಯಿಗೆ ಹಿಂಗಂತ, ಮಗಳಿಗೂ ಬರತೈತಂತ ಅಂದ್ರ ನಿನಗ ಗಂಡ ಹುಡಕೂದ ಹ್ಯಾಂಗ? ಪಿತ್ತದ ಕಲ್ಲು ಅಂತ ಹೇಳೀನಿ.

ಹಳೇ ಇಳಕಲ್ ಸೀರಿ ಸೆರಗ ಹರದ ಇಟ್ಟೀನಿ, ಲಿಂಗಕ್ಕ ಸುತ್ತಾಕ.

ನಿಮ್ಮವ್ವ

*

ಪವಾಯಿ
೨೮ ಜನವರಿ ೨೦೨೬

ಅವ್ವಾ,

ಮನೆಯಿಂದ ಬಂದು ಕೆಲಸಕ್ಕೆ ಹೋಗುತ್ತಿದ್ದೇನೆ. ಕಣ್ಣು ಪುಸ್ತಕದ ಮೇಲೆ ನಿಲ್ಲುತ್ತಿಲ್ಲ. ಮಕ್ಕಳು ಕೇಳಿದ್ದೊಂದು, ನಾನು ಕೊಟ್ಟದ್ದೊಂದು.

ನಿನ್ನನ್ನು ಸ್ಟ್ರೆಚರಿನಲ್ಲಿ ಹೊರಗೆ ತಂದಾಗ ನಾನು ಮೊದಲು ನೋಡಿದ್ದು ಬಲತೋಳನ್ನು. ಬ್ಯಾಂಡೇಜಿನ ಅಂಚಿನಲ್ಲಿ ಸೀರೆಯ ಕೆಂಪು ದಡಿ ಒಂದು ಎಳೆಯಷ್ಟು ಕಾಣುತ್ತಿತ್ತು. ಗಾಯದ ಮೇಲೆ ಆಮೇಲೆ ಕಣ್ಣು ಹಾಯಿಸಿದೆ. ನೀನು ಕಣ್ಣು ತೆರೆಯುವ ಮೊದಲೇ ಎಡಗೈಯಿಂದ ಲಿಂಗವನ್ನು ತಡವಿ ನೋಡಿಕೊಂಡೆ. ಸಿಸ್ಟರ್ "ಆಹೇ, ಆಹೇ", ಇದೆ ಇದೆ ಎಂದು ನಿನ್ನ ಕೈ ಹಿಡಿದು ಮುಟ್ಟಿಸಿದರು. ನಿನಗೆ ನೆನಪಿರಲಾರದು.

ರಿಪೋರ್ಟ್ ಬರುವ ತನಕ ಬುತ್ತಿ ಕಳಿಸಬೇಡ ಅಂದಿದ್ದೆ. ಆದರೂ ಕಾಕಾ ತಂದುಕೊಟ್ಟರು. ರೊಟ್ಟಿಗಳು ದಪ್ಪಗಿವೆ, ಆದರೆ ಸುತ್ತಲೂ ಒಂದೇ ಸಮ ದಪ್ಪ. ಇವು ನಿನ್ನ ಕೈಯವಲ್ಲ. ಯಾರು ಮಾಡಿದ್ದು?

ನಿನ್ನ,
ಕುಮಾರಿ

*

ಧಾರಾವಿ
೧೯ ಫೆಬ್ರವರಿ

ಮಗಳ,

ಮೊನ್ನಿ ರಿಪೋರ್ಟ್ ಕೇಳಾಕ ಇಬ್ಬರೂ ಕೂಡೇ ಹೋಗಿದ್ವಿ, ಕೂಡೇ ಕೇಳಿದ್ವಿ. ಆದ್ರೂ ಬರೀತೀನಿ, ಬರದ್ರ ಖರೇ ಅನಸತೈತಿ. ಕ್ಯಾನ್ಸರ್ ಇಲ್ಲ. ತಗದ ಜಾಗಾದಾಗ ಎಲ್ಲೂ ಇಲ್ಲ. ಅದೇ ನಳದ ಗದ್ದಲಾ, ಅಷ್ಟ. ಡಾಕ್ಟರಬಾಯಿ "ಕ್ಯಾನ್ಸರ್ ನಾಹೀ" ಅಂದ ಮ್ಯಾಲ ನಾ ಈ ಸಲ ಏಳಲಿಲ್ಲ, ನೋಡಿದಿಲ್ಲೋ? ಪಣ ಬರಲಿ ಅಂತ ಕಾಯಕೋತ ಕುಂತೆ. ಆಕಿ ನಕ್ಕಳು.

ಸ್ಟೇಶನ್ ಮುಂದ ವಡಾಪಾವ್ ತಿಂದ್ವಿ. ಮೆಣಸಿನಕಾಯಿ ಖಾರ ಹತ್ತಿ ಕಣ್ಣಾಗ ನೀರ ಬಂತು ಅಂದೆ. ನೀನೂ ಹಂಗ ಅಂದಿ. ನೀ ಮೆಣಸಿನಕಾಯಿ ಮುಟ್ಟಿದ್ದಿಲ್ಲ.

ರೊಟ್ಟಿ ಯಾರ ಮಾಡಿದ್ದು ಅಂತ ಕೇಳಿದ್ದಿ. ಮಹಾದೇವಿ. ಹೇಳದ ಕೇಳದ ಹಿಟ್ಟಿನ ಪರಾತ ಎಳಕೊಂಡ ಕುಂತ್ಲು. ಪಿತ್ತದ ಕಲ್ಲು ಅಂತ ನಾ ಶುರು ಮಾಡಿದೆ. "ಅತ್ತಿ, ಪಿತ್ತದ ಕಲ್ಲಿಗೆ ಎಡಗೈ ಯಾಕ ನೋಯತೈತ್ರಿ? ನಮ್ಮ ಸಣ್ಣವ್ವಗೂ ಹಿಂಗ ಆಗಿತ್ತು. ಆಕಿನೂ ಯಾರಿಗೂ ಹೇಳಲಿಲ್ಲ, ತೋರಸಲಿಲ್ಲ" ಅಂದ್ಲು. ಆ ಸಣ್ಣವ್ವ ಈಗ ಹ್ಯಾಂಗದಾಳ ಅಂತ ಕೇಳಲಿಲ್ಲ. ಆಕಿ ರೊಟ್ಟಿ ಬಡಿಯೂದ ನಿಲ್ಲಿಸಿದ್ದು ನೋಡಿ ತಿಳಕೊಂಡೆ. ನಾ ಅಂಜಿದ್ದ ಹುಡುಗಿ ಬಾಯಿ ಮುಚ್ಚಕೊಂಡ ತಿಂಗಳಗಟ್ಟಲೆ ನನ್ನ ಕೊಡಾ ಹೊತ್ತಾಳ. ಅಕ್ಬರಬಿ ಗೋಡಿ ಆಕಡಿಂದ "ಬಹೂ ಅಚ್ಛೀ ಹೈ ಗೇ ತೇರಿ" ಅಂತ ಸೊಸಿನ್ನ ಹೊಗಳಿದ್ಲು. ಎಲ್ಲಾ ಕೇಳಸಕೊಂಡಿದ್ಲು, ಕಳ್ಳಿ.

ಆಪರೇಶನ್ ಮುಂದ ನೀ ಮನ್ಯಾಗ ಬಂದ ಇದ್ದಿ. ಸಣ್ಣ ಮನಿ, ಜಾಗಾ ಆಗೂದಿಲ್ಲ ಅಂತ ನಾನ ನಿನ್ನ ಕಳಿಸಿದ್ದೆ. 'ಜಾಗಾ ಹ್ಯಾಂಗೋ ಆತು' ಅಂತ ಅವತ್ತ ಅನಸ್ತು. ಅಷ್ಟ ಬರೀತೀನಿ.

ಇನ್ನ ಆಸ್ಪತ್ರಿ ಋಣಾ ಮುಗೀತು. ಆರ ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಅಂತ ಆಕಿ ಏನೇನೋ ಬರದ ಕೊಟ್ಟಾಳ. ಇಲ್ಲ ಅಂದ ಮ್ಯಾಲ ಯಾಕ ಹೋಗೂದು? ಇಲ್ಲಿಗೆ ಸಾಕು.

ನಿಮ್ಮವ್ವ
ಚಂದ್ರವ್ವ

*

ಪವಾಯಿ
೧ ಮಾರ್ಚ್

ಅವ್ವಾ,

ಇವತ್ತಿನ ಬುತ್ತಿಯಲ್ಲಿ ಎರಡು ಥರದ ರೊಟ್ಟಿ ಇದ್ದವು. ಕೆಳಗೆ ತೆಳ್ಳನೆಯ, ಒಂದೇ ಸಮದ ನಿನ್ನವು. ಮೇಲೆ ವೈನಿಯ ದಪ್ಪನೆಯವು, ನಡುವೆ ಬೆರಳಿನ ಗುರುತು. ಮೊದಲು ನಿನ್ನದನ್ನು ಬೆಳಕಿಗೆ ಹಿಡಿದೆ. ಅಂಚಿನ ಸುತ್ತ ಎಲ್ಲೂ ಬೆಳಕು ತಡೆಯಲಿಲ್ಲ. ಆಮೇಲೆ ವೈನಿಯದನ್ನು ತಿಂದೆ. ಹೊಟ್ಟೆ ತುಂಬಿತು ಎಂದು ಹೇಳು. ಇಲ್ಲ, ನಾನೇ ಹೇಳುತ್ತೇನೆ. ಇನ್ನು ಅವರಿಗೂ ಒಂದು ಕಾಗದ ಇಡುತ್ತೇನೆ.

ಎಷ್ಟೋ ದಿನಗಳ ಮೇಲೆ ನಿನ್ನೆ ಮಧ್ಯಾಹ್ನ ಲೈಬ್ರರಿಯಲ್ಲಿ ಕೂತಲ್ಲೇ ನಿದ್ದೆ ಹೋದೆ. ಒಂದು ಹುಡುಗಿ ಬಂದು ಪುಸ್ತಕದಿಂದ ನನ್ನ ತೋಳು ತಟ್ಟಿ ಎಬ್ಬಿಸಿದಳು. ನಾಚಿಕೆಯಾಗಲಿಲ್ಲ.

ಇಲ್ಲಿಗೆ ಸಾಕು ಎಂದು ನೀನು ಬರೆದಿದ್ದೀ. ಸಾಕಾಗುವುದಿಲ್ಲ, ಅವ್ವಾ. ನಳದ ಗದ್ದಲ ನೋಡುತ್ತ ಇರಬೇಕು ಎಂದು ಬರೆದವಳು ನೀನೇ. ಇವತ್ತು ಪೊಲೀಸರು ಬರಲಿಲ್ಲ ಎಂದು ನಾಳೆ ಬಾಗಿಲು ಹಾಕಿಕೊಂಡು ಕೂರುತ್ತೀಯಾ? ಆರು ತಿಂಗಳಿಗೊಮ್ಮೆ ಡಾಕ್ಟರು ಕೈಯಿಂದ ನೋಡುತ್ತಾರೆ, ವರ್ಷಕ್ಕೊಮ್ಮೆ ಫೋಟೋ. ಸಂಭವ ಕಡಿಮೆ ಮಾಡುವ ಮಾತ್ರೆಯೂ ಒಂದಿದೆಯಂತೆ. ಅದರಿಂದ ತೊಂದರೆಗಳೂ ಇವೆ, ತೆಗೆದುಕೊಳ್ಳಬೇಕೋ ಬೇಡವೋ ಎಂದು ಆಗಸ್ಟಿನಲ್ಲಿ ಹೋದಾಗ ಕೂತು ಮಾತಾಡೋಣ ಎಂದಿದ್ದಾರೆ. ಅದನ್ನು ಕೇಳುವವಳು ನಾನು. ಈ ಸಲ ಕಾಗದ ಮುಂದಿಡುವುದಿಲ್ಲ, ಬಾಯಿಂದಲೇ ಕೇಳುತ್ತೇನೆ.

ರಿಪೋರ್ಟ್ ಕೊಟ್ಟ ದಿನ ನಾವು ಏಳುವಾಗ ಡಾಕ್ಟರು ನನ್ನ ಕಡೆ ತಿರುಗಿ, "ಆಣಿ ತೂ?" ಎಂದರಲ್ಲ. ಮತ್ತೆ ನೀನು? ನಿನ್ನ ಫೋಟೋಕ್ಕೆ ಇನ್ನೂ ವರ್ಷಗಳಿವೆ, ಆದರೆ ತಾಯಿಗೆ ಹೀಗಿರುವಾಗ ಒಮ್ಮೆ ಬಂದು ತೋರಿಸಿಕೋ, ಹೆದರುವುದಕ್ಕಲ್ಲ, ತಿಳಿದುಕೊಳ್ಳುವುದಕ್ಕೆ ಎಂದರು. ನಾನು ನೆಲ ನೋಡಿದೆ. ನೀನು ನನ್ನನ್ನು ನೋಡಿದೆ. ಇಬ್ಬರೂ ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆವು. ನನಗೆ ಗಂಡು ಹುಡುಕುವ ಮಾತು ನಿನ್ನ ಮನಸ್ಸಿನಲ್ಲಿ ಬಂದಿತ್ತು. ಹೌದೋ ಅಲ್ಲವೋ? ಯಾರಾದರೂ ನೋಡಲು ಬಂದರೆ ಇದನ್ನು ಕೇಳಿಸಿಕೊಂಡೇ ಬರಲಿ.

ಮೊನ್ನೆ ದಾದರ್‌ನಲ್ಲಿ ಇಳಿದು ಬಿಳಿಯ ಕಾಟನ್ ಬಟ್ಟೆ ತೆಗೆದುಕೊಂಡೆ. ಅಂಗಡಿಯವನು ಇಷ್ಟು ಸಣ್ಣದು ಯಾತಕ್ಕೆ ಎಂದು ಕೇಳಿದ. ಆಸ್ಪತ್ರೆಗೆ ಹೋಗುವಾಗ ಲಿಂಗಕ್ಕೆ ಸುತ್ತಲು ಎಂದೆ. ಅವನು ಗಟ್ಟಿ ನೇಯ್ಗೆಯದನ್ನು ಹುಡುಕಿ ಕೊಟ್ಟ. ಅದನ್ನು ಎರಡು ತುಂಡು ಮಾಡಿ ಅಂಚು ಹೊಲಿದೆ. ಹೊಲಿಗೆ ಸೊಟ್ಟಗಿದೆ, ಬೈಯಬೇಡ.

ಒಂದು ತುಂಡು ಈ ಬುತ್ತಿಯ ಬಟ್ಟೆಯಲ್ಲಿದೆ. ಆಗಸ್ಟಿಗೆ ಇಟ್ಟುಕೋ. ಇನ್ನೊಂದು ನನ್ನ ಹತ್ತಿರವೇ ಇದೆ. ಅವತ್ತು ನೀನು ಆಸ್ಪತ್ರೆಯ ಸಾಲಿನಲ್ಲಿ ನಿಂತಾಗ ನಿನ್ನ ಹಿಂದೆ ನಿಲ್ಲುವವಳು ನಾನೇ.

ನಿನ್ನ,
ಕುಮಾರಿ